ಕೊಸರು

ಬಿಟ್ಟುಹೋಗುತ್ತೇನೆ ಎಂದವರೆಲ್ಲ ಕೊನೆಗೆ ಬಂದು ತಾಗುವುದು
ನನ್ನ ಕಿವಿಗೆ.
ಸ್ವಾನ್‌ಸೀಯ ಈ ಎರಡನೇ ಮಹಡಿಯಲ್ಲಿ ಹನ್ನೆರಡು ಜನ ಕೂತು
ಹೊರಟವರ ಸೆರಗು ಹಿಡಿದೆಳೆಯುವುದೇ ಕಸುಬು.
ಹೊಸಬರಿಗೆ ಗ್ಲೆನಿಸ್ ಕಲಿಸುವ ಮೊದಲ ಪಾಠ:
ಹೋಗುವವರು ಹೇಳಿ ಹೋಗುವುದಿಲ್ಲ.
ಫೋನ್ ಮಾಡಿದರೆಂದರೆ
ಉಳಿಯಲೊಂದು ನೆಪ ಬೇಕಾಗಿದೆ, ಅಷ್ಟೇ.

ಮಂಗಳವಾರ, ಊಟಕ್ಕೆ ಏಳುವ ಹೊತ್ತಿಗೆ,
ಲ್ಯಾಂಪೀಟರ್‌ನಿಂದ ಟೆಗ್ವೆನ್ ಪ್ರೋಸರ್.
ಮನೆಮನೆಗೆ ಹೋಗಿ ಸಾಣೆ ಹಿಡಿಯುವವಳು:
ಚಾಕು, ಗಿಡ ಸವರುವ ಕತ್ತರಿ, ಕುರಿಯ ಉಣ್ಣೆ ತೆಗೆಯುವ ಅಲಗು.
ಹಿಂದೆ ಚಕ್ರ ತಿರುಗುತ್ತಲೇ ಇತ್ತು. ಮಾತಿನ ನಡುವೆ
ಸರ್ರನೆ ಉಕ್ಕು ಉಜ್ಜಿದಾಗೆಲ್ಲ
ನನ್ನ ಹಲ್ಲು ಜುಮ್ಮೆನ್ನುವುದು.

"ತಿಂಗಳಿಗೆ ಇಪ್ಪತ್ತಾರು ಪೌಂಡು ಕಟ್ಟುತ್ತಿದ್ದೇನೆ.
ಇನ್ನೊಬ್ಬರು ಹದಿನಾಲ್ಕಕ್ಕೆ ಕೊಡುತ್ತಾರಂತೆ.
ನಂಬರು ನನ್ನದು. ನನ್ನ ಜೊತೆ ಕಳಿಸಿಕೊಡಿ"
ಅಂದಳು, ಕೊಟ್ಟಿಗೆಗೆ ಬಂದು ಹಸು ಬಿಚ್ಚಿಕೊಳ್ಳುವವಳಂತೆ.

ಇಪ್ಪತ್ತೆರಡು, ಅಂದೆ. ಚಕ್ರ ತಿರುಗಿತು.
ಹತ್ತೊಂಬತ್ತು, ಮೇಲೊಂದು ಹೊಸ ಫೋನು.
"ಹಳೆಯದಕ್ಕೆ ಗಾಜು ಒಡೆದಿದೆ, ಕಿವಿ ಚೆನ್ನಾಗಿದೆ."
ಹದಿನೇಳು, ಡೇಟಾ ಎರಡರಷ್ಟು.
"ಅಷ್ಟು ಡೇಟಾ ತಗೊಂಡು ಉಪ್ಪಿನಕಾಯಿ ಹಾಕಲೇ?"
ಹದಿನೈದು. ಪರದೆ ಕೆಂಪಾಯಿತು; ಅದರ ಕೆಳಗೆ ನೆಲ.

ಆಗ ಚಕ್ರ ನಿಂತಿತು.
"ಸರಿ. ಕೊಸರೇನು ಕೊಡುತ್ತೀ?"

ವ್ಯಾನಿನ ಮೇಲೆ ನಂಬರು ಬರೆದವನು ಅವಳ ತಮ್ಮ.
ಕೊನೆಯ ಅಂಕಿ ಏಳು. ಬೆಳಗ್ಗೆಯೇ ಕುಡಿದಿದ್ದ,
ಏಣಿಯ ಮೇಲೆ ಕೈ ನಡುಗಿ
ಆ ಏಳು ಏಳಲೇ ಇಲ್ಲ,
ಒಂದಾಗಿ ನಿಂತುಬಿಟ್ಟಿತು.
ಹನ್ನೊಂದು ವರ್ಷದಿಂದ ಅರ್ಧ ಗಿರಾಕಿಗಳು ಒತ್ತುವುದು ಒಂದನ್ನೇ.
ಎತ್ತುವವನು ಹೋಲಿಹೆಡ್‌ನ ಎಲ್ವಿನ್ ಪ್ರಿಚರ್ಡ್,
ಹಡಗುಕಟ್ಟೆಯಲ್ಲಿ ಟಿಕೀಟು ಹರಿದು ಹರಿದು ನಿವೃತ್ತನಾದವನು.
ಮೊದಲ ವಾರ ಬೈದನಂತೆ.
ಎರಡನೇ ವಾರ ಒಂದು ನೋಟುಬುಕ್ಕು ತಂದಿಟ್ಟುಕೊಂಡನಂತೆ.
ದಿನಾ ಸಂಜೆ ಆರೂವರೆಗೆ ಅವಳಿಗೆ ಓದಿ ಹೇಳುತ್ತಾನೆ:
ಟ್ರೆಗಾರನ್, ಎರಡು ಜೊತೆ ಅಲಗು, ಬುಧವಾರದೊಳಗೆ.
ಕಟುಕ ಮೆರೆಡಿತ್, ದೊಡ್ಡ ಕತ್ತಿ, ಹಣ ಮುಂದಿನ ತಿಂಗಳು ಅಂದ,
ನಂಬಬೇಡ.

ಆ ಅಂಕಿಗೆ ಬಣ್ಣ ಬಳಿಸಬಹುದಿತ್ತಲ್ಲ, ಅಂದೆ.
"ಬಳಿಸಬಹುದಿತ್ತು" ಅಂದಳು.
ಅಲ್ಲಿಗೆ ಆ ಮಾತು ಮುಗಿಯಿತು.

ಈಗ ಎಲ್ವಿನ್ ಫೋನೇ ಬಿಟ್ಟುಬಿಡುತ್ತಾನಂತೆ.
ಅವನ ಕಂಪನಿ ದರ ಏರಿಸಿದೆ, ಪಿಂಚಣಿ ಏರಿಲ್ಲ.
"ಅವನ ನಂಬರನ್ನೂ ಇಲ್ಲಿಗೆ ತರಿಸು.
ಎರಡೂ ಸೇರಿ ಹದಿನೈದು."

ಎರಡನೇ ನಂಬರಿಗೆ ರಿಯಾಯಿತಿ ಕುಟುಂಬಕ್ಕೆ ಮಾತ್ರ.
ಅವರು ನಿಮಗೇನಾಗಬೇಕು? ನಾನು ಕೇಳಲೇಬೇಕಾದ ಪ್ರಶ್ನೆ.
"ಏನೂ ಆಗಬೇಕಾಗಿಲ್ಲ. ಮುಖ ಕೂಡ ನೋಡಿಲ್ಲ.
ಎತ್ತಿದರೆ ಸಾಕು."

ಪರದೆಯಲ್ಲಿ ಇದ್ದದ್ದಿಷ್ಟು: ಸಂಗಾತಿ, ಮಗು, ಅವಲಂಬಿತರು, ಇತರೆ.
ಇತರೆಗೆ ಕಾಸಿನಷ್ಟೂ ಬಿಡುವಂತಿಲ್ಲ.
ಗ್ಲೆನಿಸ್ ಬೆನ್ನ ಹಿಂದೆ ಚಹಾ ಹಿಡಿದು ನಿಂತಿದ್ದಳು,
ಎಷ್ಟು ಹೊತ್ತಿನಿಂದಲೋ.
ಏಳೂ ಒಂದೂ ಕೀಲಿಗಳಲ್ಲಿ ಒಂದೇ ಸಾಲು, ಅಂದಳು ಮೆಲ್ಲಗೆ,
ನಡುವೆ ನಾಲ್ಕು ಅಷ್ಟೇ.
ಅವಲಂಬಿತರು ಎಂದು ಒತ್ತಿದೆ.
ಯಾರು ಯಾರನ್ನು, ಎಂದು ಪರದೆ ಕೇಳುವುದಿಲ್ಲ.

ಹತ್ತೊಂಬತ್ತಕ್ಕೆ ಬಂತು. ಅವಳು ಹದಿನೆಂಟು ಅಂದಳು. ಹದಿನೆಂಟು.
ಹಳೆಯ ಕಂಪನಿಯಿಂದ ಬಿಡುಗಡೆಯ ಕೋಡು ತರಿಸಲು
ಅವರೇ ಮೆಸೇಜು ಕಳಿಸಬೇಕು, ಅಂದೆ.
"ಅವನಿಗೆಲ್ಲಿ ಬರುತ್ತೆ, ನಾನೇ ಹೇಳಿಕೊಡುತ್ತೇನೆ. ಆರೂವರೆಗೆ."
ಇಡುವ ಮುನ್ನ ಮತ್ತೆ ಚಕ್ರ ಹೊರಳಿತು:
"ನಿನ್ನ ಮನೆಯಲ್ಲಿ ಮೊಂಡು ಚಾಕು ಇದ್ದರೆ ಹೇಳು,
ಸ್ವಾನ್‌ಸೀಗೆ ತಿಂಗಳಿಗೊಮ್ಮೆ ಬರುತ್ತೇನೆ.
ಯಾವ ನಂಬರಿಗೆ ಮಾಡಿದರೂ ಸರಿ."

ಬ್ರೆಡ್ಡಿನ ಚಾಕು ಇದೆ, ಕೊಯ್ಯುವುದಿಲ್ಲ, ಹರಿಯುತ್ತದೆ.
ಇನ್ನೂ ಫೋನ್ ಮಾಡಿಲ್ಲ.
ಮಾಡಿದರೆ
ಒಂದಕ್ಕೇ ಮಾಡುತ್ತೇನೆ.